ಬಿಟ್ಟ ಚಟ ದಾರಿಯಲ್ಲಿ ಕಾದಿರುತ್ತದೆ
ಆಸೆ ಕೆದಕುವ ಜಾಗವನ್ನೇ ಆಸ್ಪತ್ರೆಯ ಕೋಣೆಗೆ ತರುವ ‘ವರ್ಚುವಲ್ ರಿಯಾಲಿಟಿ’ ಚಿಕಿತ್ಸೆ. ಅದರಿಂದ ನಮ್ಮ ಮನೆಗಳು ಕಲಿಯಬೇಕಾದ ಪಾಠ

ಗಾಂಜಾ ಇರಲಿ, ಎಂಡಿಎಂಎ ಇರಲಿ, ಮದ್ಯ ಇರಲಿ, ಚಟಕ್ಕೆ ಬಿದ್ದ ಮಗನಿಗೆ ಚಿಕಿತ್ಸೆ ಕೊಡಿಸಿ ಮನೆಗೆ ಕರೆತಂದವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಸೆಂಟರ್‌ನಲ್ಲಿ ಇದ್ದಷ್ಟು ದಿನ ಸರಿಯಾಗಿದ್ದ. ಊರಿಗೆ ಬಂದ ಮೇಲೆ ಮತ್ತೆ ಶುರು ಮಾಡಿದ.”

ಅಲ್ಲಿ ವಾರಗಟ್ಟಲೆ ಅದನ್ನು ಮುಟ್ಟಿರುವುದಿಲ್ಲ. ಹೊತ್ತು ಹೊತ್ತಿಗೆ ಊಟ, ನಿದ್ದೆ ಸಿಕ್ಕಿ ಮುಖಕ್ಕೆ ಕಳೆ ಬಂದಿರುತ್ತದೆ. ಮನೆಗೆ ಬಂದಾಗ ಉಮ್ಮನಿಗೆ ಹೋದ ಜೀವ ಬಂದಂತಾಗುತ್ತದೆ. ಹುಡುಗನೂ ನಾಟಕ ಮಾಡುತ್ತಿರುವುದಿಲ್ಲ. “ಇನ್ನು ಮುಟ್ಟುವುದಿಲ್ಲ” ಅಂತ ಮಾತು ಕೊಡುವಾಗ ಅದು ಮನಸ್ಸಿನಿಂದಲೇ ಬಂದಿರುತ್ತದೆ. ಆದರೆ ಒಂದು ಸಂಜೆ ಬಸ್‌ಸ್ಟ್ಯಾಂಡ್ ಹಿಂದಿನ ಅದೇ ಗೂಡಂಗಡಿಯನ್ನು ದಾಟುವಾಗ, ಅದೇ ಗೆಳೆಯನ ಬೈಕ್ ಸದ್ದು ಕಿವಿಗೆ ಬಿದ್ದಾಗ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ಬಾಯಿ ಒಣಗುತ್ತದೆ. ಮುಂದಿನದ್ದು ಅನೇಕ ಮನೆಗಳಿಗೆ ಗೊತ್ತಿರುವ ಕಥೆ.

ಆಗ ನಾವು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತೇವೆ. ಒಂದೋ ಆ ಸೆಂಟರ್ ಸರಿಯಿಲ್ಲ, ಇಲ್ಲವೇ ಹುಡುಗನಿಗೇ ಬಿಡುವ ಮನಸ್ಸಿಲ್ಲ. ಆದರೆ ಮೂರನೆಯ ಕಾರಣವೊಂದಿದೆ. ಅದನ್ನು ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆ ಕಾರಣವನ್ನೇ ಹಿಡಿದುಕೊಂಡು ಈಚಿನ ವರ್ಷಗಳಲ್ಲಿ ಅಮೆರಿಕ, ದಕ್ಷಿಣ ಕೊರಿಯ, ಚೀನಾ, ಸ್ಪೇನ್ ದೇಶಗಳಲ್ಲಿ ಹೊಸ ಬಗೆಯ ಚಿಕಿತ್ಸೆಯೊಂದನ್ನು ಪ್ರಯೋಗಿಸಿ ನೋಡುತ್ತಿದ್ದಾರೆ. ಮಕ್ಕಳು ಗೇಮ್ ಆಡಲು ಕಣ್ಣಿಗೆ ಕಟ್ಟಿಕೊಳ್ಳುವ ದಪ್ಪ ಕನ್ನಡಕ ಇದೆಯಲ್ಲ, ವರ್ಚುವಲ್ ರಿಯಾಲಿಟಿ, ಚಿಕ್ಕದಾಗಿ ವಿಆರ್ ಅನ್ನುತ್ತಾರೆ, ಅದೇ ಇಲ್ಲಿ ಸಲಕರಣೆ. ಇದೇನು ಹುಚ್ಚಾಟ ಅನಿಸಬಹುದು. ಆದರೆ ಅದರ ಹಿಂದಿನ ವಿಚಾರ ತಿಳಿದರೆ ನಮ್ಮ ಮನೆಯ ಹುಡುಗ ಏಕೆ ಮತ್ತೆ ಬಿದ್ದ ಎಂಬುದೂ ತಿಳಿಯುತ್ತದೆ.

ದೇಹ ಬಿಟ್ಟರೂ ಜಾಗ ಬಿಡುವುದಿಲ್ಲ

ಪಕ್ಕದ ಮನೆಯಲ್ಲಿ ಬಿರಿಯಾನಿಯ ದಮ್ ತೆಗೆದ ವಾಸನೆ ಬಂದರೆ ಆಗಷ್ಟೇ ಊಟ ಮಾಡಿ ಎದ್ದವನ ಬಾಯಲ್ಲೂ ನೀರೂರುತ್ತದೆ. ಅದನ್ನು ಅವನು ಬೇಕೆಂದು ಮಾಡುವುದಿಲ್ಲ. ದೇಹ ತಾನಾಗಿ ಮಾಡುತ್ತದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಸದ್ದು ಕೇಳಿಸುತ್ತಾ ಬಂದರೆ, ಕೊನೆಗೆ ಊಟ ಇಲ್ಲದೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ. ಚಟದಲ್ಲೂ ಹೀಗೆಯೇ. ಸೇದುವ ಜಾಗ, ಜೊತೆಗಿರುವ ಮುಖಗಳು, ಹೊಗೆಯ ವಾಸನೆ, ಕೈಗೆ ದುಡ್ಡು ಬರುವ ಶನಿವಾರದ ಸಂಜೆ, ಇವೆಲ್ಲ ಅಮಲಿನ ಜೊತೆ ಹೊಸೆದುಕೊಂಡುಬಿಡುತ್ತವೆ. ಇವುಗಳಿಗೆ ವೈದ್ಯರು ‘ಪ್ರಚೋದಕ’ ಅನ್ನುತ್ತಾರೆ. ನಾವು ಆಸೆ ಕೆದಕುವ ಸಂಗತಿಗಳು ಅಂತ ಕರೆಯೋಣ.

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್‌ಟನ್ ಎಂಬಲ್ಲಿ 1935ರಲ್ಲಿ ಸರಕಾರ ಅಮಲು ವ್ಯಸನಿಗಳಿಗಾಗಿ ದೊಡ್ಡ ಆಸ್ಪತ್ರೆಯೊಂದನ್ನು ತೆರೆಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಅಬ್ರಹಾಂ ವಿಕ್ಲರ್ ಎಂಬ ವೈದ್ಯರು ಒಂದು ವಿಚಿತ್ರ ಗಮನಿಸಿದರು. ತಿಂಗಳುಗಳಿಂದ ಹೆರಾಯಿನ್ ಮುಟ್ಟದವರು, ದೇಹದಲ್ಲಿ ಅದರ ಲವಲೇಶವೂ ಇಲ್ಲದವರು, ಗುಂಪಾಗಿ ಕುಳಿತು ಹಳೆಯ ದಿನಗಳ ಮಾತು ತೆಗೆದರೆ ಸಾಕು, ಆಕಳಿಸಲು ಶುರುಮಾಡುತ್ತಿದ್ದರು, ಕಣ್ಣು ಮೂಗಿನಲ್ಲಿ ನೀರು ಇಳಿಯುತ್ತಿತ್ತು. ಇದು ಹೆರಾಯಿನ್ ಸಿಗದಾಗ ಬರುವ ಯಾತನೆಯ ಲಕ್ಷಣ. ಮಾತಿಗೇ ದೇಹ ಹೀಗೆ ನಡುಗಿದರೆ, ಹಳೆಯ ಬೀದಿಗೆ ಕಾಲಿಟ್ಟಾಗ ಏನಾಗಬಹುದು? ವಿಕ್ಲರ್ ಹೇಳಿದ್ದು ಅದನ್ನೇ: ಚಟ ದೇಹದಿಂದ ಇಳಿದರೂ ಕಲಿತ ಪಾಠವಾಗಿ ಒಳಗೆ ಉಳಿದಿರುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ವಿಯೆಟ್ನಾಂ ಯುದ್ಧ ತೋರಿಸಿತು. ಅಲ್ಲಿ ಹೋರಾಡುತ್ತಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ ಕೈಗೆ ಸಿಗುತ್ತಿತ್ತು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದಾಗ, ಸುಮಾರು ಐವರಲ್ಲಿ ಒಬ್ಬ ತಾನು ಅಲ್ಲಿ ಚಟಕ್ಕೆ ಬಿದ್ದಿದ್ದೆ ಎಂದು ಒಪ್ಪಿಕೊಂಡ. ಇವರೆಲ್ಲ ಊರಿಗೆ ಬಂದು ಹಾಳಾಗುತ್ತಾರೆ ಎಂದು ಸರಕಾರ ಹೆದರಿತ್ತು. ಹಾಗಾಗಲಿಲ್ಲ. ಅಲ್ಲಿ ಚಟಕ್ಕೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ಶೇಕಡಾ 5ರಷ್ಟು ಮಾತ್ರ, ಮೂರು ವರ್ಷದ ಲೆಕ್ಕ ಹಿಡಿದರೂ ಶೇಕಡಾ 12. ಕಾರಣ ಒಂದೇ ಅಲ್ಲ. ಯುದ್ಧದ ಭಯ ಹೋಯಿತು, ಮನೆ ಮಂದಿ ಸಿಕ್ಕರು, ಅಗ್ಗದ ಮಾಲು ಸಿಗಲಿಲ್ಲ. ಆದರೆ ಅವರು ಚಟ ಕಲಿತ ಜಾಗ ಸಾವಿರಾರು ಮೈಲಿ ಹಿಂದೆ ಉಳಿದದ್ದೂ ಒಂದು ದೊಡ್ಡ ಕಾರಣ ಎನ್ನುತ್ತಾರೆ ತಜ್ಞರು.

ನಮ್ಮ ಹುಡುಗರ ಸ್ಥಿತಿ ಇದಕ್ಕೆ ಉಲ್ಟಾ. ಅವರು ಚಟ ಕಲಿತದ್ದು ಊರಿನಲ್ಲೇ, ಚಿಕಿತ್ಸೆ ಪಡೆಯುವುದು ಬೇರೆ ಕಡೆ, ವಾಪಸ್ ಬರುವುದು ಮತ್ತೆ ಅದೇ ಊರಿಗೆ.

ಡಾಕ್ಟರ ಕೋಣೆಯ ಕಷ್ಟ

ಹಾಗಾದರೆ ಈ ಗಂಟನ್ನು ಬಿಚ್ಚುವುದು ಹೇಗೆ? ಪಾವ್ಲೋವ್‌ನ ನಾಯಿಗೆ ಸದ್ದು ಕೇಳಿಸಿ ಊಟ ಕೊಡದೆ ಇದ್ದರೆ, ಹತ್ತಾರು ಸಲ ಆದ ಮೇಲೆ ಜೊಲ್ಲು ನಿಲ್ಲುತ್ತದೆ. ಇದೇ ಲೆಕ್ಕದಲ್ಲಿ ಮನಶ್ಶಾಸ್ತ್ರಜ್ಞರು ಒಂದು ಚಿಕಿತ್ಸೆ ಮಾಡಿದರು. ಕುಡುಕನ ಎದುರು ಬಾಟಲಿ ಇಡುವುದು, ಸಿಗರೇಟ್ ಸೇದುವವನ ಕೈಗೆ ಸಿಗರೇಟ್ ಕೊಟ್ಟು ಹಚ್ಚಲು ಬಿಡದೆ ಕೂರಿಸುವುದು. ಆಸೆ ಏರುತ್ತದೆ, ಉತ್ತುಂಗಕ್ಕೆ ಹೋಗುತ್ತದೆ, ಕುಡಿಯದಿದ್ದರೂ ತಾನಾಗಿಯೇ ಇಳಿಯುತ್ತದೆ. ಇಳಿಯುತ್ತದೆ ಎಂಬುದನ್ನು ಅವನೇ ಅನುಭವಿಸಿ ತಿಳಿಯಬೇಕು. ಚಟದಲ್ಲಿರುವವನಿಗೆ ಆ ಅನುಭವವೇ ಇರುವುದಿಲ್ಲ, ಯಾಕೆಂದರೆ ಪ್ರತಿ ಸಲ ಆಸೆ ಏರಿದಾಗಲೂ ಅವನು ಸೇದಿಯೋ ಕುಡಿದೋ ಅದನ್ನು ಇಳಿಸಿಕೊಂಡಿರುತ್ತಾನೆ.

ವಿಚಾರ ಚೆನ್ನಾಗಿತ್ತು, ಫಲ ಅಷ್ಟು ಬರಲಿಲ್ಲ. ಡಾಕ್ಟರ ಮೇಜಿನ ಮೇಲಿರುವ ಬಾಟಲಿಗೂ ಗೆಳೆಯರ ನಡುವೆ ಇರುವ ಬಾಟಲಿಗೂ ವ್ಯತ್ಯಾಸ ಇದೆಯಲ್ಲ! ಬಿಳಿ ಗೋಡೆ, ಟ್ಯೂಬ್‌ಲೈಟ್, ಫಿನಾಯಿಲ್ ವಾಸನೆ, ಎದುರಿಗೆ ಕೋಟು ಹಾಕಿದ ಡಾಕ್ಟರ್. ಅಲ್ಲಿ ಆಸೆಯೇ ಸರಿಯಾಗಿ ಏಳುವುದಿಲ್ಲ. “ನಾನು ನಿನ್ನ ಗೆಳೆಯ ಅಂತ ತಿಳಿದುಕೋ, ಒಂದು ಪೆಗ್ ತಗೋ ಅನ್ನುತ್ತೇನೆ, ನೀನು ಏನು ಹೇಳುತ್ತೀ?” ಅಂತ ಡಾಕ್ಟರ್ ಕೇಳಿದರೆ ಯಾರು ಬೇಕಾದರೂ “ಬೇಡ” ಅನ್ನುತ್ತಾರೆ. ಹಾಗಂತ ರೋಗಿಯನ್ನು ನಿಜವಾದ ಬಾರ್‌ಗೋ ಗಾಂಜಾ ಸೇದುವ ಗುಡ್ಡೆಗೋ ಕರೆದುಕೊಂಡು ಹೋಗಲು ಆಗುತ್ತದೆಯೇ? ಅಲ್ಲಿ ಕೈ ಚಾಚಿದರೆ ಮಾಲು ಸಿಕ್ಕಿಬಿಡುತ್ತದೆ.

ಈ ಇಕ್ಕಟ್ಟಿನಲ್ಲಿ ವಿಆರ್ ಉಪಯೋಗಕ್ಕೆ ಬಂತು.

ಕನ್ನಡಕದ ಒಳಗೆ ಏನಿದೆ?

ವಿಆರ್ ಹೆಡ್‌ಸೆಟ್ ಎರಡು ಕಣ್ಣಿಗೂ ಸ್ವಲ್ಪ ಸ್ವಲ್ಪ ಬೇರೆಯಾದ ಚಿತ್ರ ತೋರಿಸುತ್ತದೆ. ಹಾಗಾಗಿ ದೃಶ್ಯಕ್ಕೆ ಆಳ ಬರುತ್ತದೆ. ತಲೆ ಎತ್ತ ತಿರುಗಿಸಿದರೂ ಆ ಕಡೆಯ ದೃಶ್ಯವೇ ಕಾಣುತ್ತದೆ, ಕಿವಿಯಲ್ಲಿ ಅಲ್ಲಿನ ಸದ್ದು ಕೇಳುತ್ತದೆ. ಇದು ಚಿತ್ರ ಅಂತ ಬುದ್ಧಿಗೆ ಗೊತ್ತು, ಆದರೆ ದೇಹ ನಂಬಿಬಿಡುತ್ತದೆ. ಮನೋಚಿಕಿತ್ಸೆಗೆ ಇದನ್ನು ಮೊದಲು ಬಳಸಿದ್ದು ಚಟಕ್ಕಲ್ಲ, ಭಯಕ್ಕೆ. ಎತ್ತರ ಕಂಡರೆ ಹೆದರುವವರನ್ನು ಕೃತಕ ಸೇತುವೆ, ಗಾಜಿನ ಲಿಫ್ಟ್‌ಗಳಲ್ಲಿ ನಿಲ್ಲಿಸಿ ಭಯ ಇಳಿಸಿದ ಪ್ರಯೋಗವನ್ನು ಅಮೆರಿಕದ ಬಾರ್ಬರಾ ರಾತ್‌ಬಾಮ್, ಲ್ಯಾರಿ ಹಾಡ್ಜಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ಭಯಕ್ಕೆ ಆದದ್ದು ಆಸೆಗೂ ಆಗಬಾರದೇಕೆ ಎಂಬ ಪ್ರಶ್ನೆ ಅದರ ಹಿಂದೆಯೇ ಬಂತು.

ಆ ಪ್ರಶ್ನೆಯ ಬೆನ್ನುಹತ್ತಿದವರಲ್ಲಿ ಪ್ಯಾಟ್ರಿಕ್ ಬೋರ್ಡ್ನಿಕ್ ಮುಖ್ಯರು. ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ಸಮಾಜಕಾರ್ಯ ಕಾಲೇಜಿನಲ್ಲಿದ್ದಾಗ ಅವರು ಸಿಗರೇಟ್, ಮದ್ಯ, ಗಾಂಜಾ, ಹೆರಾಯಿನ್ ಒಂದೊಂದಕ್ಕೂ ಕೃತಕ ಲೋಕಗಳನ್ನು ಮಾಡಿಸಿದರು. ಹೆರಾಯಿನ್‌ಗೆ ಮಾಡಿದ್ದು ಒಂದು ಮನೆಯ ಪಾರ್ಟಿ. ಒಳಗೆ ಹೋದರೆ ಯಾರೋ ಮೂಗಿಗೆ ಎಳೆಯುತ್ತಿದ್ದಾರೆ, ಇನ್ನೊಬ್ಬರು ಸೂಜಿ ಚುಚ್ಚಿಕೊಳ್ಳುತ್ತಿದ್ದಾರೆ. ಅವರ ಕೆಲವು ಪ್ರಯೋಗಗಳಲ್ಲಿ ಕಣ್ಣು ಕಿವಿಗಳ ಜೊತೆ ಮೂಗಿಗೂ ಕೆಲಸ ಇತ್ತು. ಸಣ್ಣ ಯಂತ್ರವೊಂದು ಹೊಗೆಯದ್ದೋ ಮದ್ಯದ್ದೋ ವಾಸನೆಯನ್ನು ಬೇಕಾದ ಹೊತ್ತಿಗೆ ಬಿಡುತ್ತಿತ್ತು. ವಾಸನೆ ಎಷ್ಟು ಬೇಗ ಹಳೆಯ ನೆನಪು ಎಬ್ಬಿಸುತ್ತದೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಚಿಕಿತ್ಸೆ ನಡೆಯುವ ಕ್ರಮ ಸುಮಾರಾಗಿ ಹೀಗಿರುತ್ತದೆ. ಮೊದಲು ರೋಗಿಯ ಜೊತೆ ಕುಳಿತು ಅವನಿಗೆ ಆಸೆ ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಏಳುತ್ತದೆ ಎಂದು ಪಟ್ಟಿ ಮಾಡುತ್ತಾರೆ. ನಂತರ ಹೆಡ್‌ಸೆಟ್ ಹಾಕಿ, ಮೊದಲಿಗೆ ಏನೂ ಇಲ್ಲದ ಶಾಂತವಾದ ಕೋಣೆ ಅಥವಾ ಕಡಲತೀರ. ಅಲ್ಲಿಂದ ಮೆಲ್ಲಗೆ ಕಷ್ಟದ ಜಾಗಕ್ಕೆ. ನಡುನಡುವೆ ಥೆರಪಿಸ್ಟ್ ಕೇಳುತ್ತಿರುತ್ತಾರೆ: “ಈಗ ಆಸೆ ಎಷ್ಟಿದೆ? ಸೊನ್ನೆಯಿಂದ ನೂರರೊಳಗೆ ಹೇಳು.” ಎಪ್ಪತ್ತಕ್ಕೆ ಏರಿದರೆ ಅಲ್ಲೇ ನಿಲ್ಲಿಸುತ್ತಾರೆ. ಉಸಿರಾಟ ನಿಧಾನ ಮಾಡುವುದು, ಗಮನ ಬೇರೆಡೆ ಹೊರಳಿಸುವುದು, ಸಿಗರೇಟ್ ಚಾಚಿದ ಕೃತಕ ಗೆಳೆಯನಿಗೆ ಬಾಯಿಬಿಟ್ಟು “ಬೇಡ ಮಾರಾಯ” ಅಂತ ಹೇಳಿ ಅಲ್ಲಿಂದ ಎದ್ದು ಬರುವುದು, ಇದನ್ನೆಲ್ಲ ಅಲ್ಲೇ ಅಭ್ಯಾಸ ಮಾಡಿಸುತ್ತಾರೆ. ಎಪ್ಪತ್ತು ಮೂವತ್ತಕ್ಕೆ ಇಳಿಯುವವರೆಗೆ ಕಾಯುತ್ತಾರೆ. ತಪ್ಪಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕನ್ನಡಕ ತೆಗೆದರೆ ಎದುರಿಗಿರುವುದು ಡಾಕ್ಟರ ಕೋಣೆ.

ಈಜು ಕಲಿಯುವವನನ್ನು ಮಳೆಗಾಲದ ನೇತ್ರಾವತಿಗೆ ಇಳಿಸುವುದಿಲ್ಲ, ಸೊಂಟದವರೆಗಿನ ನೀರಿನಲ್ಲಿ ಕೈಕಾಲು ಬಡಿಯಲು ಕಲಿಸುತ್ತಾರೆ. ಇದೂ ಹಾಗೆಯೇ.

ಎಲ್ಲೆಲ್ಲಿ ಏನು ಮಾಡಿದ್ದಾರೆ

ದಕ್ಷಿಣ ಕೊರಿಯದ ಚುಂಗ್-ಆಂಗ್ ವಿಶ್ವವಿದ್ಯಾನಿಲಯದ ಡೌಗ್ ಹ್ಯುನ್ ಹಾನ್ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸುದ್ದಿಯಾಯಿತು. ಮದ್ಯದ ಚಟ ಇದ್ದ 12 ಮಂದಿಗೆ ಮೊದಲು ಒಂದು ವಾರ ದೇಹದಿಂದ ಮದ್ಯ ಇಳಿಸುವ ಚಿಕಿತ್ಸೆ ಕೊಟ್ಟರು. ಆಮೇಲೆ ವಾರಕ್ಕೆ ಎರಡರಂತೆ ಐದು ವಾರ, ಒಟ್ಟು 10 ಸಲ ಕೃತಕ ದೃಶ್ಯಗಳ ಚಿಕಿತ್ಸೆ. ದೃಶ್ಯಗಳು ಮೂರು. ಒಂದು ನೆಮ್ಮದಿಯ ಜಾಗ. ಎರಡನೆಯದು ಜನ ಕುಡಿಯುತ್ತಾ ಕುಳಿತ ಹೋಟೆಲ್. ಮೂರನೆಯದು ಕುಡಿದು ವಾಂತಿ ಮಾಡಿಕೊಳ್ಳುವವರ ನಡುವೆ, ಆ ಸದ್ದು, ಆ ವಾಸನೆ ಸಮೇತ. ಮೊದಲೂ ಕೊನೆಗೂ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಭಾವನೆ ಮತ್ತು ಆಸೆಗೆ ಸಂಬಂಧಿಸಿದ ಭಾಗದಲ್ಲಿ ಮಿತಿಮೀರಿ ನಡೆಯುತ್ತಿದ್ದ ಚಟುವಟಿಕೆ ತಗ್ಗಿತ್ತು.

ಚೀನಾದ ಶಾಂಘೈಯಲ್ಲಿ ಮೆಥ್ ಎಂಬ ಅಮಲಿನ ಚಟ ಇದ್ದವರಿಗೆ ಇದೇ ದಾರಿಯ ಚಿಕಿತ್ಸೆ ಮಾಡಿದರು. ಮೊದಲು ಅಮಲು ಸೇವಿಸುವ ದೃಶ್ಯ, ಆಸೆ ಏರಿದ ಕೂಡಲೇ ಅದರ ಕೆಟ್ಟ ಪರಿಣಾಮ ತೋರಿಸುವ ದೃಶ್ಯ. ಬಾಯಲ್ಲಿ ಹೇಳಿದ್ದನ್ನು ಮಾತ್ರ ನಂಬದೆ ಹೃದಯ ಬಡಿತವನ್ನೂ ಅಳೆದರು. ಆಸೆ ಕಡಿಮೆಯಾದದ್ದು ಕಂಡುಬಂತು. ಸ್ಪೇನ್‌ನ ಬಾರ್ಸಿಲೋನಾದಲ್ಲಿ ಉಳಿದ ಚಿಕಿತ್ಸೆಗೆ ಬಗ್ಗದ ಮದ್ಯವ್ಯಸನಿಗಳಿಗಾಗಿ ಮನೆ, ಬಾರ್, ರೆಸ್ಟೋರೆಂಟ್, ಪಬ್‌ಗಳ ದೃಶ್ಯ ಮಾಡಿ, ಯಾರಿಗೆ ಯಾವ ಜಾಗ ಕಷ್ಟವೋ ಅದನ್ನೇ ತೋರಿಸುತ್ತಾರೆ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ಬ್ರ್ಯಾಂಡನ್ ಓಬರ್ಲಿನ್ ಅವರ ದಾರಿ ಸ್ವಲ್ಪ ಬೇರೆ. ಅವರು ಆಸೆಯ ಜಾಗ ತೋರಿಸುವುದಿಲ್ಲ. ರೋಗಿಯನ್ನೇ ರೋಗಿಗೆ ತೋರಿಸುತ್ತಾರೆ, 15 ವರ್ಷದ ನಂತರದ ಅವನನ್ನು. ಚಟ ಬಿಡದೆ ಹೋದರೆ ಹೇಗಿರುತ್ತಾನೋ ಹಾಗೆ ಒಬ್ಬ, ಬಿಟ್ಟು ಬಾಳಿದರೆ ಹೇಗಿರುತ್ತಾನೋ ಹಾಗೆ ಇನ್ನೊಬ್ಬ. ಇಬ್ಬರೂ ಅವನ ಮುಖ, ಅವನ ಧ್ವನಿಯಲ್ಲಿ ಅವನ ಜೊತೆ ಮಾತಾಡುತ್ತಾರೆ. ಚಟದವನ ಕಣ್ಣಿಗೆ ಇವತ್ತಿನ ಸಂಜೆಯ ಆಚೆ ಏನೂ ಕಾಣುವುದಿಲ್ಲ ಎಂಬುದು ಮನೆಯವರ ದೂರು. ಆ ಆಚೆಯದನ್ನು ಕಣ್ಣೆದುರು ತಂದು ನಿಲ್ಲಿಸುವ ಯತ್ನ ಇದು.

ಹಾಗಾದರೆ ಇದು ಮದ್ದೇ?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹೊಸ ಯಂತ್ರ ಬಂದ ಕೂಡಲೇ ಪವಾಡದ ಜಾಹೀರಾತುಗಳೂ ಬರುತ್ತವೆ. ಚಟದ ಮನೆಯವರು ಎಷ್ಟು ಹಣ ಕೇಳಿದರೂ ಕೊಡುವ ಸ್ಥಿತಿಯಲ್ಲಿರುತ್ತಾರೆ ಎಂಬುದೂ ಜಾಹೀರಾತು ಕೊಡುವವರಿಗೆ ಗೊತ್ತು.

ಕೃತಕ ದೃಶ್ಯ ನಿಜವಾದ ಆಸೆಯನ್ನು ಎಬ್ಬಿಸುತ್ತದೆ ಎಂಬುದು ಅನೇಕ ಪ್ರಯೋಗಗಳಲ್ಲಿ ಸಾಬೀತಾಗಿದೆ. ಆದರೆ ಆ ಚಿಕಿತ್ಸೆ ಪಡೆದವರು ವರ್ಷದ ನಂತರವೂ ಚಟದಿಂದ ದೂರ ಉಳಿದರೇ ಎಂಬ ಪ್ರಶ್ನೆಗೆ ಅಷ್ಟು ಗಟ್ಟಿಯಾದ ಉತ್ತರ ಇನ್ನೂ ಸಿಕ್ಕಿಲ್ಲ. 2020ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ವಿಜ್ಞಾನಿಗಳು ಕೂಡ ಆಸೆ ಎಬ್ಬಿಸಿ ಅಳೆಯಲು ವಿಆರ್ ಒಳ್ಳೆಯದು, ಚಿಕಿತ್ಸೆಯ ಫಲ ಮಾತ್ರ ಮಿಶ್ರವಾಗಿದೆ ಎಂದರು. ಹೆಚ್ಚಿನ ಪ್ರಯೋಗಗಳಲ್ಲಿ ಹತ್ತಿಪ್ಪತ್ತು ಮಂದಿಯೋ ಐವತ್ತು ಅರವತ್ತು ಮಂದಿಯೋ ಇರುತ್ತಾರೆ. ಶಾಂಘೈಯಂಥ ಕಡೆ ಚಿಕಿತ್ಸೆ ಪಡೆದವರು ಕಾನೂನಿನ ಬಲದಿಂದ ಕೇಂದ್ರದೊಳಗೆ ಇರಿಸಲ್ಪಟ್ಟವರು. ನಿಜವಾದ ಪರೀಕ್ಷೆ ಅವರು ಗೇಟು ದಾಟಿ ಹೊರಬಂದ ಮೇಲಿನದ್ದು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 2002ರಲ್ಲಿ ಸಿಂಥಿಯಾ ಕಾಂಕ್ಲಿನ್ ಮತ್ತು ಸ್ಟೀಫನ್ ಟಿಫನಿ ಎಂಬ ಸಂಶೋಧಕರು ಬಾಟಲಿ ಎದುರಿಟ್ಟು ಮಾಡುವ ಹಳೆಯ ಚಿಕಿತ್ಸೆಗಳು ಏಕೆ ಫಲ ಕೊಡಲಿಲ್ಲ ಎಂದು ಕೂಲಂಕಷವಾಗಿ ನೋಡಿದರು. ಆಸೆ ಇಳಿಸುವ ಅಭ್ಯಾಸ ಹಳೆಯ ಪಾಠವನ್ನು ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಪಾಠವೊಂದನ್ನು ಬರೆಯುತ್ತದೆ, ಅಷ್ಟೇ. ಆ ಹೊಸ ಪಾಠ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಆಸ್ಪತ್ರೆಯಲ್ಲಿ ಕಲಿತದ್ದು ಆಸ್ಪತ್ರೆಯಲ್ಲಿ ನೆನಪಾಗುತ್ತದೆ. ಹಳೆಯ ಬೀದಿಯಲ್ಲಿ ಹಳೆಯ ಪಾಠವೇ ಮೊದಲು ನಾಲಿಗೆಗೆ ಬರುತ್ತದೆ. ವಿಆರ್ ದೃಶ್ಯಗಳು ಬೀದಿಯನ್ನು ಹೋಲುವುದರಿಂದ ಈ ಅಂತರ ಸ್ವಲ್ಪ ಕಡಿಮೆಯಾಗುತ್ತದೆ. ಒಂದೇ ದೃಶ್ಯದ ಬದಲು ಹಲವು ದೃಶ್ಯಗಳಲ್ಲಿ ಅಭ್ಯಾಸ ಮಾಡಿಸಿದರೆ ಇನ್ನಷ್ಟು ಕಡಿಮೆಯಾಗುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಹ್ಯೂಸ್ಟನ್‌ನಲ್ಲಿ ಮಾಡಿದ ದೃಶ್ಯ ಉಳ್ಳಾಲದ ಹುಡುಗನ ಬೀದಿ ಆಗುವುದಿಲ್ಲ.

ಇನ್ನೂ ಕೆಲವು ಮಿತಿಗಳಿವೆ. ಕೆಲವರಿಗೆ ಹೆಡ್‌ಸೆಟ್ ಹಾಕಿದರೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಅಮಲಿನಿಂದಾಗಿ ಭ್ರಮೆ, ಸಂಶಯರೋಗ ಹತ್ತಿದವರಿಗೆ ಮನೋವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಇದು ಔಷಧಿಗೆ ಬದಲಿಯೂ ಅಲ್ಲ. ಬೋರ್ಡ್ನಿಕ್ ತಂಡ ಸಿಗರೇಟ್ ಬಿಡುವವರ ಮೇಲೆ ಮಾಡಿದ ಪ್ರಯೋಗದಲ್ಲೂ ನಿಕೋಟಿನ್ ಬದಲಿ ಔಷಧಿಯ ಜೊತೆಗೇ ವಿಆರ್ ಕೊಟ್ಟಿದ್ದರು. ಮೊಬೈಲ್ ಅಂಗಡಿಯಲ್ಲಿ ಸಿಗುವ ಹೆಡ್‌ಸೆಟ್ ತಂದು ಮನೆಯಲ್ಲಿ ಹಾಕಿಸಿದರೆ ಅದು ಚಿಕಿತ್ಸೆ ಆಗುವುದಿಲ್ಲ. ಕನ್ನಡಕ ಬರೀ ಸಲಕರಣೆ, ಪಕ್ಕದಲ್ಲಿ ಕುಳಿತ ತರಬೇತಾದ ಮನುಷ್ಯನೇ ಚಿಕಿತ್ಸೆ.

ನಮ್ಮಲ್ಲಿನ ಲೆಕ್ಕ

ನಮ್ಮ ದೇಶದ ಮೊದಲ ಕೊರತೆ ಹೆಡ್‌ಸೆಟ್ ಅಲ್ಲ. ದಿಲ್ಲಿಯ ಏಮ್ಸ್ ಆಸ್ಪತ್ರೆಯ ವ್ಯಸನ ಚಿಕಿತ್ಸಾ ಕೇಂದ್ರ ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 3.1 ಕೋಟಿ ಮಂದಿ ಗಾಂಜಾ, ಭಂಗಿಯಂಥವನ್ನು ಬಳಸುತ್ತಾರೆ. ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ. ಆದರೆ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಅಂದರೆ ಹೆಚ್ಚಿನವರು ಡಾಕ್ಟರ ಬಾಗಿಲವರೆಗೂ ಹೋಗಿಲ್ಲ. ಮರ್ಯಾದೆ ಹೋಗುತ್ತದೆ, ತಂಗಿಯ ಸಂಬಂಧ ತಪ್ಪುತ್ತದೆ, ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಲ್ಲಿ ಮುಚ್ಚಿಡುತ್ತಾರೆ.

ಪೊಲೀಸ್ ಭಯದ ಬಗ್ಗೆ ಒಂದು ವಿಷಯ ತಿಳಿದಿರಲಿ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಮುಂದೆ ಬಂದು ಸರಕಾರಿ ಅಥವಾ ಸರಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರುವವರಿಗೆ, ಸಾಗಿಸುವವರಿಗೆ ಇದು ಅನ್ವಯಿಸುವುದಿಲ್ಲ. ಅಂಥ ಸಂದರ್ಭ ಬಂದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕಾಗಿಯೇ ಪ್ರತ್ಯೇಕ ವಿಭಾಗ ಇದೆ. ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲೂಕು ಆಸ್ಪತ್ರೆಗಳಿಗೂ ಬರುತ್ತಾರೆ.

ಹೆಡ್‌ಸೆಟ್ ಇಲ್ಲದೆ ಮನೆಯಲ್ಲಿ ಮಾಡಬಹುದಾದದ್ದು

ವಿಆರ್ ನಮ್ಮ ಊರಿಗೆ ಯಾವಾಗ ಬರುತ್ತದೋ ಬರಲಿ. ಅದರ ಹಿಂದಿರುವ ವಿಚಾರಕ್ಕೆ ದುಡ್ಡು ಬೇಕಾಗಿಲ್ಲ.

ಪಟ್ಟಿ ಮಾಡಿ. ಮಗ ಮನೆಗೆ ಬರುವ ಮುಂಚೆಯೇ, ಅವನ ಜೊತೆ ಮತ್ತು ಕೌನ್ಸೆಲರ್ ಜೊತೆ ಕುಳಿತು ಆಸೆ ಕೆದಕುವ ಜಾಗ, ಜನ, ಹೊತ್ತು, ವಾಸನೆಗಳನ್ನು ಬರೆಯಿರಿ. ಅವನು ಹೇಳಿದ್ದನ್ನು ನಾಳೆ ಜಗಳದಲ್ಲಿ ಎತ್ತಿ ಆಡಬೇಡಿ. ಒಮ್ಮೆ ಹಾಗೆ ಮಾಡಿದರೆ ಎರಡನೇ ಸಲ ಬಾಯಿ ಬಿಡುವುದಿಲ್ಲ.

ಮೊದಲ ಕೆಲವು ತಿಂಗಳು ಆ ಜಾಗಗಳನ್ನು ತಪ್ಪಿಸಿ. ಕೆಲಸಕ್ಕೆ ಹೋಗುವ ದಾರಿ ಬದಲಿಸುವುದು, ಫೋನಿನ ಸಿಮ್ ಬದಲಿಸುವುದು, ಸಂಬಳದ ದಿನ ಅಣ್ಣನೋ ಮಾವನೋ ಜೊತೆಗಿರುವುದು, ಸಂಜೆಯ ಖಾಲಿ ಹೊತ್ತಿಗೆ ಏನಾದರೂ ಕೆಲಸ ಹಚ್ಚುವುದು, ಇವೆಲ್ಲ ಸಣ್ಣವು ಅನಿಸಿದರೂ ದೊಡ್ಡ ಕೆಲಸ ಮಾಡುತ್ತವೆ.

ಮಾತಿನ ಅಭ್ಯಾಸ ಮಾಡಿಸಿ. “ಬಾ, ಒಂದೇ ದಮ್” ಅಂತ ಗೆಳೆಯ ಕರೆದರೆ ಏನು ಹೇಳುತ್ತಾನೆ? ಆ ಹೊತ್ತಿಗೆ ಮಾತು ಹುಡುಕಲು ಹೋದರೆ ಸಿಗುವುದಿಲ್ಲ. ಮೊದಲೇ ಬಾಯಿಪಾಠ ಇರಬೇಕು. ತಮ್ಮನ ಜೊತೆ, ನಂಬಿಕೆಯ ಗೆಳೆಯನ ಜೊತೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ. ಆಸೆ ಎದ್ದಾಗ ಯಾರಿಗೆ ಫೋನ್ ಮಾಡಬೇಕು ಎಂಬುದೂ ಮೊದಲೇ ನಿಶ್ಚಯವಾಗಿರಲಿ. ಆಸೆಯ ಅಲೆ ಗಂಟೆಗಟ್ಟಲೆ ಅದೇ ಎತ್ತರದಲ್ಲಿ ನಿಲ್ಲುವುದಿಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯಲು ಶುರುವಾಗುತ್ತದೆ. ಆ ಅರ್ಧ ಗಂಟೆ ಜೊತೆಗೆ ಕುಳಿತುಕೊಳ್ಳುವ ಒಬ್ಬ ಮನುಷ್ಯ ಬೇಕು.

ನೀವೇ ಪರೀಕ್ಷೆ ಮಾಡಲು ಹೋಗಬೇಡಿ. ಬೇಕೆಂದೇ ಎದುರಿಗೆ ಸಿಗರೇಟ್ ಇಡುವುದು, ಹಳೆಯ ಗೆಳೆಯರ ನಡುವೆ ಬಿಟ್ಟು ನೋಡುವುದು ಬೇಡ. ಎದುರಿಸುವ ಅಭ್ಯಾಸ ಮಾಡಿಸಬೇಕಾದವರು ತಿಳಿದ ಚಿಕಿತ್ಸಕರು ಮಾತ್ರ. ಹಾಗೆಯೇ, ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಏಕಾಏಕಿ ನಿಲ್ಲಿಸಬೇಡಿ. ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಅದನ್ನು ಡಾಕ್ಟರ ಕಣ್ಣಳತೆಯಲ್ಲೇ ಮಾಡಬೇಕು.

“ಗಲ್ಫ್‌ಗೆ ಕಳಿಸಿದರೆ ಸರಿಹೋಗುತ್ತಾನೆ” ಎಂಬ ಮಾತು ನಮ್ಮಲ್ಲಿ ಬಹಳ ಇದೆ. ವಿಯೆಟ್ನಾಂ ಸೈನಿಕರ ಕಥೆ ಓದಿದವರಿಗೆ ಇದು ಸರಿ ಅಂತಲೂ ಕಾಣಬಹುದು. ವ್ಯತ್ಯಾಸ ನೋಡಿ. ಆ ಸೈನಿಕರು ಚಟದ ಜಾಗವನ್ನು ಬಿಟ್ಟು ಮನೆಗೆ ಬಂದರು, ಮತ್ತೆ ವಿಯೆಟ್ನಾಂಗೆ ಹೋಗಬೇಕಾಗಿರಲಿಲ್ಲ. ನಮ್ಮ ಹುಡುಗ ಮನೆಯವರನ್ನು ಬಿಟ್ಟು ಒಂಟಿಯಾಗಿ ಹೋಗುತ್ತಾನೆ, ಎರಡು ವರ್ಷಕ್ಕೆ ರಜೆಯಲ್ಲಿ ಅದೇ ಬೀದಿಗೆ ಬಂದಿಳಿಯುತ್ತಾನೆ. ನಡುವೆ ಅವನು ಏನನ್ನೂ ಕಲಿತಿರುವುದಿಲ್ಲ. ಅಲ್ಲೇ ಎಡವಿದರೆ ಅಲ್ಲಿನ ಕಾನೂನು ಎಷ್ಟು ಕಠಿಣ ಎಂಬುದು ನಮ್ಮ ಮನೆಗಳಿಗೆ ಹೇಳಬೇಕಾಗಿಲ್ಲ. “ಮದುವೆ ಮಾಡಿಸಿದರೆ ಸರಿಹೋಗುತ್ತಾನೆ” ಎಂಬುದಂತೂ ಇನ್ನೊಬ್ಬರ ಮಗಳನ್ನು ಮದ್ದಾಗಿ ಬಳಸುವ ಯೋಚನೆ. ಅದಕ್ಕೆ ಜಮಾಅತಿನ ಹಿರಿಯರು ಒಪ್ಪಲೇಬಾರದು.

ಮತ್ತೆ ಬಿದ್ದರೆ ಎಲ್ಲ ಮುಗಿಯಿತು ಅಂತ ತಿಳಿಯಬೇಡಿ. ಆದರೆ ಒಂದು ಎಚ್ಚರ ಅತ್ಯಗತ್ಯ. ಹೆರಾಯಿನ್, ನೋವಿನ ಮಾತ್ರೆ, ಇಂಜೆಕ್ಷನ್‌ಗಳ ಚಟ ಇದ್ದವರು ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಂತು ಸಾಯುವ ಸಾಧ್ಯತೆ ಇದೆ. ದೇಹ ಆ ತಾಕತ್ತನ್ನು ಕಳೆದುಕೊಂಡಿರುತ್ತದೆ. ಸೆಂಟರ್‌ನಿಂದ ಬಂದ ಮೊದಲ ವಾರಗಳು ಬಹಳ ಅಪಾಯದ ದಿನಗಳು. ಆಗ ಹೆದರಿ ಮುಚ್ಚಿಡುವ ಮಗನಿಗಿಂತ “ಉಮ್ಮಾ, ತಪ್ಪಿದೆ” ಅಂತ ಬಂದು ಹೇಳುವ ಮಗ ಬದುಕುಳಿಯುವ ಸಾಧ್ಯತೆ ಹೆಚ್ಚು. ಹಾಗೆ ಬಂದು ಹೇಳುವ ಧೈರ್ಯ ಅವನಿಗೆ ಬರಬೇಕಾದರೆ ಮನೆಯಲ್ಲಿ ಹೊಡೆತಕ್ಕಿಂತ ಮೊದಲು ಕಿವಿ ಸಿಗಬೇಕು.

ಕೊನೆಯದಾಗಿ, ಯಾವುದೇ ಕೇಂದ್ರಕ್ಕೆ ಸೇರಿಸುವ ಮುಂಚೆ ಶುಲ್ಕ ಎಷ್ಟು, ಊಟ ಹೇಗೆ ಎಂದು ಕೇಳುವುದರ ಜೊತೆಗೆ ಮೂರು ಪ್ರಶ್ನೆ ಕೇಳಿ. ಇಲ್ಲಿ ಅರ್ಹ ಮನೋವೈದ್ಯರು ಬರುತ್ತಾರೆಯೇ? ಊರಿನಲ್ಲಿ ಆಸೆ ಎದ್ದರೆ ಏನು ಮಾಡಬೇಕೆಂದು ಇಲ್ಲಿ ಅಭ್ಯಾಸ ಮಾಡಿಸುತ್ತೀರಾ? ಡಿಸ್ಚಾರ್ಜ್ ಆದ ಮೇಲೆ ಆರು ತಿಂಗಳು, ವರ್ಷ ನಮ್ಮ ಸಂಪರ್ಕದಲ್ಲಿ ಇರುತ್ತೀರಾ? ಮೂರಕ್ಕೂ ಸರಿಯಾದ ಉತ್ತರ ಕೊಡುವ ಕಡೆಗೆ, ಅಲ್ಲಿ ಕಣ್ಣಿಗೆ ಕಟ್ಟುವ ಕನ್ನಡಕ ಇರಲಿ ಇಲ್ಲದಿರಲಿ, ಮಗನನ್ನು ಧೈರ್ಯವಾಗಿ ಸೇರಿಸಬಹುದು.

(ಸಹಾಯಕ್ಕೆ: ರಾಷ್ಟ್ರೀಯ ವ್ಯಸನಮುಕ್ತಿ ಉಚಿತ ಸಹಾಯವಾಣಿ 14446, ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416)